ಯಂತ್ರ ಮಾರುತ್ತಿದ್ದವರ ದ್ರಾಕ್ಷಿ ಹುಚ್ಚು

ಕನ್ವಲ್ ಗ್ರೋವರ್ ಎಂಬ ಹೆಸರನ್ನು ನಮ್ಮ ಪ್ಲೇಸ್‌ಮೆಂಟ್ ತರಬೇತಿಯಲ್ಲಿ ಯಾರೂ ಹೇಳುವುದಿಲ್ಲ. ಹೇಳಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ. ಫ್ರಾನ್ಸಿನಿಂದ ಯಂತ್ರೋಪಕರಣ ತರಿಸಿ ಮಾರುತ್ತಿದ್ದ ಈ ಮುಂಬೈ ವ್ಯಾಪಾರಿಗೆ, ಅಲ್ಲಿಗೆ ಹೋಗಿ ಬರುತ್ತಲೇ ವೈನ್ ಹುಚ್ಚು ಹಿಡಿಯಿತು. ಕುಡಿಯುವ ಹುಚ್ಚು ಎಷ್ಟೋ ಜನರಿಗಿರುತ್ತದೆ. ಇವರದು, ಅದೇ ದ್ರಾಕ್ಷಿಯನ್ನು ನಮ್ಮ ನೆಲದಲ್ಲಿ ಬೆಳೆದು ತೋರಿಸುವ ಹುಚ್ಚು. ವರ್ಷಗಟ್ಟಲೆ ಜಾಗ ಹುಡುಕಿ, ತಳಿ ಪರೀಕ್ಷಿಸಿ ಕೊನೆಗೆ ನಿಂತದ್ದು ನಂದಿ ಬೆಟ್ಟದ ತಪ್ಪಲಿನಲ್ಲಿ, ದೊಡ್ಡಬಳ್ಳಾಪುರದ ಬಳಿ. 1988ರಲ್ಲಿ ಕಂಪನಿ ಶುರುವಾಯಿತು, ಮೊದಲ ವೈನ್ ಮಾರುಕಟ್ಟೆಗೆ ಬಂದದ್ದು 1992ರಲ್ಲಿ. ನಾವು ಒಂದು ಸೆಮಿಸ್ಟರ್‌ನಲ್ಲೇ ಫಲಿತಾಂಶ ಕೇಳುವವರು!

ವೈನ್ ದ್ರಾಕ್ಷಿ ಚಳಿ ದೇಶದ ಬಳ್ಳಿ. ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ, ವಸಂತದಲ್ಲಿ ಏಳುತ್ತದೆ. ನಮ್ಮಲ್ಲಿ ಅದಕ್ಕೆ ಮಲಗುವ ಕಾಲವೇ ಇಲ್ಲ. ಹಾಗಾಗಿ ಇಲ್ಲಿ ವರ್ಷಕ್ಕೆ ಎರಡು ಸಲ ಚಾಟಣಿ ಮಾಡುತ್ತಾರೆ: ಬೇಸಿಗೆಯ ಕೊಯ್ಲು ಮುಗಿದ ಮೇಲೊಮ್ಮೆ, ಮಳೆ ಕಡಿಮೆಯಾಗುವ ಸೆಪ್ಟೆಂಬರ್ ಹೊತ್ತಿಗೆ ಇನ್ನೊಮ್ಮೆ. ಮಳೆಗಾಲದಲ್ಲಿ ಹಣ್ಣು ಬಿಡದಂತೆ ನೋಡಿಕೊಂಡು, ಫೆಬ್ರುವರಿ–ಮಾರ್ಚ್‌ನಲ್ಲಿ ಕೊಯ್ಯುತ್ತಾರೆ. ಋತುವನ್ನೇ ಕತ್ತರಿಯಿಂದ ಸರಿಸುವ ಈ ಉಪಾಯ ನನಗೆ ಯಾವ ಯಂತ್ರಕ್ಕಿಂತ ಕಡಿಮೆಯೆನಿಸಲಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ದೋಣಿ ದಡಕ್ಕೆಳೆದು ಬಲೆ ಹೆಣೆಯುವ ತೆಂಗಿನಗುಂಡಿಯವನಿಗೆ, ಮಳೆಗಾಲದಲ್ಲಿ ಸುಮ್ಮನಿರುವುದೂ ಕಸುಬಿನ ಭಾಗ ಎಂದು ಬೇರೆ ಹೇಳಬೇಕಿಲ್ಲ.

ವ್ಯಾಪಾರಿಗಳ ಹುಚ್ಚು ಹೀಗೆ ಊರು ಬದಲಿಸುವುದು ಹೊಸತೇನಲ್ಲ. ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ಫಿಲಾಕ್ಸೆರಾ ಎಂಬ ಕೀಟ ಫ್ರಾನ್ಸಿನ ದ್ರಾಕ್ಷಿ ತೋಟಗಳನ್ನು ತಿಂದು ಹಾಕಿದಾಗ, ಬೋರ್ಡೋದ ವೈನ್ ವ್ಯಾಪಾರಿಗಳು ಗಡಿ ದಾಟಿ ಸ್ಪೇನಿನ ರಿಯೋಹಾಗೆ ಹೋದರು. ಅಲ್ಲಿನ ಟೆಂಪ್ರಾನಿಯೋ ದ್ರಾಕ್ಷಿ ಬೇಗ ಹಣ್ಣಾಗುತ್ತದೆ, ಹೆಸರಿನ ಅರ್ಥವೂ ಅದೇ. ಆ ವೈನನ್ನು 225 ಲೀಟರಿನ ಓಕ್ ಪೀಪಾಯಿಗಳಲ್ಲಿ ಮಾಗಿಸುವ ಬೋರ್ಡೋದ ರೂಢಿ ರಿಯೋಹಾದಲ್ಲಿ ಇಂದಿಗೂ ಇದೆ. ಗ್ರಾನ್ ರಿಸೆರ್ವಾ ಎಂದು ಚೀಟಿ ಅಂಟಿಸಬೇಕಾದರೆ ಕೆಂಪು ವೈನ್ ಐದು ವರ್ಷ ಕಾಯಬೇಕು. ಬಂಡವಾಳ ಹಾಕಿದವರ ತಾಳ್ಮೆ ನೆನೆದರೆ ತಲೆ ತಿರುಗುತ್ತದೆ.

ಗ್ರೋವರ್ ಕೂಡ ಒಬ್ಬರೇ ಮಾಡಲಿಲ್ಲ. ಮಗ ಕಪಿಲ್ ಜತೆಗೂಡಿದರು. 1990ರ ದಶಕದ ಮಧ್ಯದಲ್ಲಿ ಬೋರ್ಡೋದ ಹೆಸರಾಂತ ತಜ್ಞ ಮಿಶೆಲ್ ರೋಲಾಂ ಸಲಹೆಗಾರರಾಗಿ ಬಂದರು. ರಾಜ್ಯದ ವೈನ್ ನೀತಿ, ವೈನ್ ಮಂಡಳಿ ಎಲ್ಲ ಬಂದದ್ದು 2007ರಲ್ಲಿ, ಅಂದರೆ ಇವರು ತೋಟ ಹಾಕಿ ಎಷ್ಟೋ ವರ್ಷಗಳಾದ ಮೇಲೆ.

ನಾನು ಮೆಕ್ಯಾನಿಕಲ್ ಬಿಇ ಮೂರನೇ ವರ್ಷ. ವಯಸ್ಸು ಇಪ್ಪತ್ತು, ವೈನ್ ರುಚಿ ಗೊತ್ತಿಲ್ಲ. ಆದರೆ ಸಕ್ಕರೆ ಆಲ್ಕೋಹಾಲ್ ಆಗುವಾಗ ಶಾಖ ಹುಟ್ಟುತ್ತದೆ, ಟ್ಯಾಂಕನ್ನು ತಣ್ಣಗಿಡದಿದ್ದರೆ ಪರಿಮಳ ಹಾರಿಹೋಗುತ್ತದೆ, ಯೀಸ್ಟ್ ಸಾಯಲೂಬಹುದು. ನಮ್ಮ ಬಿಸಿಲಿನಲ್ಲಿ ಇದು ಸಣ್ಣ ಲೆಕ್ಕವಲ್ಲ. ಕ್ಲಾಸಿನವರೆಲ್ಲ ಕೋಡಿಂಗ್ ಪರೀಕ್ಷೆಗೆ ಕೂತಿರುವಾಗ ನಾನು ಈ ಕೂಲಿಂಗ್ ಲೆಕ್ಕ ಹಿಡಿದು ಕೂತಿದ್ದೇನೆ. ಸಾಲ ಮಾಡಿ ಓದಿಸುತ್ತಿರುವ ಮನೆಯಲ್ಲಿ ಇದನ್ನು ಹೇಳುವುದು ಸುಲಭವಲ್ಲ.

“ಸರಾಯಿ ಮಾಡೂಕೆ ಇಂಜಿನಿಯರಿಂಗ್ ಬೇಕಾ?” ಅಂದರು ಅಪ್ಪ. ಟ್ಯಾಂಕ್, ಕಂಪ್ರೆಸರ್, ತಣ್ಣೀರಿನ ಕೊಳವೆ ಎಲ್ಲ ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಂದ್ರೆ ಐಸ್ ಪ್ಲಾಂಟಿನ ಕೆಲ್ಸ ಅನ್ನು” ಅಂದರು. ಹೌದೆಂದೆ. ದೊಡ್ಡಬಳ್ಳಾಪುರದ ಕಡೆ ಎರಡು ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕಿದ್ದೇನೆ. ಕೊಯ್ಲು ಫೆಬ್ರುವರಿಯಲ್ಲಿ, ಅಷ್ಟರೊಳಗೆ ಉತ್ತರ ಬಂದರೆ ಸಾಕು.