ಎದುರಾಳಿಯ ನಡೆ

ಚದುರಂಗದ ಕಾಯಿಗಳು ನಡೆಯುವ ಬಗೆಯನ್ನು ಒಂದು ಸಂಜೆಯಲ್ಲಿ ಕಲಿತುಬಿಡಬಹುದು. ಆನೆ ನೇರವಾಗಿಯೂ ಒಂಟೆ ಓರೆಯಾಗಿಯೂ ಸಾಗುತ್ತವೆ. ಮಂತ್ರಿಗೆ ಈ ಎರಡು ದಾರಿಗಳೂ ಉಂಟು. ಕುದುರೆ ನೇರವಾಗಿ ಎರಡು ಮನೆ ಹೋಗಿ ಪಕ್ಕಕ್ಕೆ ಒಂದು ಮನೆ ಹಾರುತ್ತದೆ. ಕಾಲಾಳು ಮುಂದಕ್ಕೆ ನಡೆದು ಓರೆಯಾಗಿ ಹೊಡೆಯುತ್ತಾನೆ. ರಾಜನದು ಯಾವ ದಿಕ್ಕಿಗಾದರೂ ಒಂದೇ ಹೆಜ್ಜೆ. ಇಷ್ಟನ್ನು ಅರಿತ ಹುಡುಗನೋ ಹುಡುಗಿಯೋ ಉತ್ಸಾಹದಿಂದ ಆಡಲು ಕುಳಿತು, ಹತ್ತು ಆಟಗಳಲ್ಲಿ ಹತ್ತನ್ನೂ ಸೋಲುವುದುಂಟು. ಹನ್ನೊಂದನೆಯ ಆಟಕ್ಕೆ ಕರೆದರೆ, "ಇದು ಬುದ್ಧಿವಂತರ ಆಟ, ನನಗೆ ಹತ್ತುವುದಿಲ್ಲ" ಎಂಬ ಉತ್ತರ ಬರುತ್ತದೆ. ಹೀಗೆ ಆಟವನ್ನು ಬಿಟ್ಟ ಎಷ್ಟೋ ಮಕ್ಕಳನ್ನು ಶಾಲೆಗಳಲ್ಲಿ ಕಂಡಿದ್ದೇನೆ. ಅವರಲ್ಲಿ ಬುದ್ಧಿಗೆ ಕೊರತೆಯಿದ್ದವರು ಯಾರೂ ಇರಲಿಲ್ಲ. ಅವರಿಗೆ ಇಲ್ಲದಿದ್ದದ್ದು ಒಂದು ಅಭ್ಯಾಸ ಮಾತ್ರ.

ಹೊಸಬರು ಆಡಿದ ಆಟವೊಂದನ್ನು ಮೊದಲಿನಿಂದ ಕೊನೆಯವರೆಗೆ ಮತ್ತೆ ಹಾಸಿನ ಮೇಲೆ ನಡೆಸಿ ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಗೆದ್ದವನು ಅದ್ಭುತವಾದ ಹಂಚಿಕೆಯನ್ನೇನೂ ಹೂಡಿರುವುದಿಲ್ಲ. ಸೋತವನು ತನ್ನ ಕುದುರೆಯನ್ನು ಎದುರಾಳಿಯ ಕಾಲಾಳಿನ ಬಾಯಿಗೆ ಇಟ್ಟಿರುತ್ತಾನೆ. ಇಲ್ಲವೆ ಆನೆಯ ಮೇಲೆ ಒಂಟೆಯ ಕಣ್ಣು ಬಿದ್ದುದನ್ನು ಗಮನಿಸದೆ ಬೇರೆಲ್ಲೋ ಕಾಯಿ ನಡೆಸಿರುತ್ತಾನೆ. ಇಂತಹ ಎರಡು ಮೂರು ನಷ್ಟಗಳಾದ ಮೇಲೆ ಉಳಿದ ಆಟವು ಹೆಸರಿಗೆ ಮಾತ್ರ ಆಟ. ಅಂದಮೇಲೆ, ಗೆಲ್ಲುವ ಉಪಾಯಗಳನ್ನು ಹುಡುಕುವುದಕ್ಕೆ ಮುಂಚೆ ಸುಮ್ಮಸುಮ್ಮನೆ ಕಾಯಿಗಳನ್ನು ಕಳೆದುಕೊಳ್ಳದಿರುವುದನ್ನು ಕಲಿಯುವುದು ಯುಕ್ತವಲ್ಲವೇ?

ಇದು ಹೊಸಬರಿಗೆ ಮಾತ್ರ ಅನ್ವಯಿಸುವ ಮಾತೆಂದು ತಿಳಿಯಬಾರದು. 2006ರ ನವೆಂಬರ್ ತಿಂಗಳಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಅಂದಿನ ವಿಶ್ವ ಚಾಂಪಿಯನ್ ವ್ಲಾಡಿಮಿರ್ ಕ್ರಾಮ್ನಿಕ್ ಅವರು 'ಡೀಪ್ ಫ್ರಿಟ್ಜ್' ಎಂಬ ಕಂಪ್ಯೂಟರ್ ಆಟಗಾರನೊಡನೆ ಆಡುತ್ತಿದ್ದರು. ಎರಡನೆಯ ಆಟದಲ್ಲಿ ಅವರು ತಮ್ಮ ಮಂತ್ರಿಯನ್ನು ಒಂದು ಮನೆಗೆ ನಡೆಸಿದರು. ಮರುನಡೆಯಲ್ಲಿಯೇ ಯಂತ್ರವು ಅವರ ರಾಜನನ್ನು ಕಟ್ಟಿಹಾಕಿತು. ಒಂದೇ ನಡೆಯ ಆ ಅಪಾಯವು ಜಗತ್ತಿನ ಅಗ್ರಗಣ್ಯ ಆಟಗಾರನ ಕಣ್ಣಿಗೆ ಬಿದ್ದಿರಲಿಲ್ಲ! ಅವರ ಮನಸ್ಸು ತಮ್ಮದೇ ಯೋಜನೆಯ ಬೆನ್ನು ಹತ್ತಿ ಹೋಗಿದ್ದಿರಬೇಕು. ಅಂತಹವರು ಹತ್ತಾರು ವರ್ಷಗಳಲ್ಲಿ ಒಮ್ಮೆ ಎಡವುವ ಕಡೆ ನಾವು ಪ್ರತಿ ಆಟದಲ್ಲಿಯೂ ನಾಲ್ಕಾರು ಬಾರಿ ಎಡವುತ್ತೇವೆ. ವ್ಯತ್ಯಾಸ ಇರುವುದು ಎಡವುವುದರಲ್ಲಲ್ಲ, ಅದರ ಲೆಕ್ಕದಲ್ಲಿ.

ಹಾಗಾದರೆ ಆ ಅಭ್ಯಾಸ ಯಾವುದು? ಎದುರಾಳಿ ಕಾಯಿ ನಡೆಸಿ ಕೈ ತೆಗೆದೊಡನೆ, "ಈ ನಡೆಯಿಂದ ಇವನು ಈಗ ಏನು ಮಾಡಬಲ್ಲ?" ಎಂದು ತನ್ನನ್ನು ತಾನೇ ಕೇಳಿಕೊಳ್ಳುವುದು. ಇದು ಹೇಳಲು ಸುಲಭ, ನಡೆಸಲು ಕಷ್ಟ. ಏಕೆಂದರೆ ಎದುರಾಳಿ ಯೋಚಿಸುತ್ತಿರುವಾಗ ನಾವು ನಮ್ಮ ಮುಂದಿನ ನಡೆಯನ್ನು ಆಗಲೇ ನಿಶ್ಚಯಿಸಿಕೊಂಡಿರುತ್ತೇವೆ. ಅವನು ಕೈ ತೆಗೆಯುವುದೇ ತಡ, ನಮ್ಮ ಕೈ ಮುಂದಾಗುತ್ತದೆ. ಅವನು ನಡೆಸಿದ್ದೇನೆಂಬುದನ್ನು ಕಣ್ಣು ಕಂಡರೂ ಮನಸ್ಸು ಕಾಣುವುದಿಲ್ಲ.

ಒಂದು ಉದಾಹರಣೆಯನ್ನು ಹಾಸಿನ ಮೇಲೆ ಕಾಯಿಗಳನ್ನಿಟ್ಟೇ ನೋಡಿರಿ. ಬಿಳಿಯವನು ರಾಜನ ಮುಂದಿನ ಕಾಲಾಳನ್ನು ಎರಡು ಮನೆ ಮುಂದಿಡುತ್ತಾನೆ. ಕರಿಯವನೂ ಹಾಗೆಯೇ ಮಾಡುತ್ತಾನೆ. ಬಿಳಿಯವನು ರಾಜನ ಪಕ್ಕದ ಒಂಟೆಯನ್ನು ಓರೆಯಾಗಿ ಮೂರು ಮನೆ ಹೊರತರುತ್ತಾನೆ. ಕರಿಯವನು ಮಂತ್ರಿಯ ಕಡೆಯ ಕುದುರೆಯನ್ನು ತಂದು ತನ್ನ ಕಾಲಾಳಿಗೆ ಬೆಂಬಲವಾಗಿ ನಿಲ್ಲಿಸುತ್ತಾನೆ. ಆಗ ಬಿಳಿಯವನು ಮಂತ್ರಿಯನ್ನು ಓರೆಯಾಗಿ ಹಾಸಿನ ಅಂಚಿನವರೆಗೂ ಒಯ್ಯುತ್ತಾನೆ. ಈಗ ಕರಿಯವನಿಗೆ ಆನಂದವೋ ಆನಂದ! ಇನ್ನೊಂದು ಕುದುರೆಯನ್ನು ಹಾರಿಸಿದರೆ ಆ ಮಂತ್ರಿಯನ್ನು ಹೆದರಿಸಿ ಓಡಿಸಬಹುದಲ್ಲ! ಹಿಂದೆ ಮುಂದೆ ನೋಡದೆ ಕುದುರೆಯನ್ನು ಹಾರಿಸುತ್ತಾನೆ. ಬಿಳಿಯ ಮಂತ್ರಿಯು, ಕರಿಯ ರಾಜನ ಪಕ್ಕದಲ್ಲಿ ನಿಂತ ಒಂಟೆಯ ಮುಂದಿನ ಕಾಲಾಳನ್ನು ಹೊಡೆದು ರಾಜನೆದುರಿಗೆ ನಿಲ್ಲುತ್ತದೆ. ರಾಜನು ಮಂತ್ರಿಯನ್ನು ಹೊಡೆಯೋಣವೆಂದರೆ ದೂರದಲ್ಲಿ ನಿಂತ ಬಿಳಿಯ ಒಂಟೆಯ ಬೆಂಬಲ ಅದಕ್ಕಿದೆ, ಓಡೋಣವೆಂದರೆ ದಾರಿಯಿಲ್ಲ. ಬಿಳಿಯವನ ನಾಲ್ಕನೆಯ ನಡೆಗೆ ಆಟ ಮುಗಿಯಿತು.

ಕರಿಯವನು ಮೂರನೆಯ ನಡೆಯಲ್ಲಿ ಮಾಡಬೇಕಾಗಿದ್ದುದೇನು? ಬಿಳಿಯ ಮಂತ್ರಿ, ಒಂಟೆಗಳೆರಡೂ ಒಂದೇ ಕಾಲಾಳಿನ ಮೇಲೆ ಗುರಿಯಿಟ್ಟಿವೆ. ಆಟದ ಆರಂಭದಲ್ಲಿ ಆ ಕಾಲಾಳಿಗೆ ರಾಜನೊಬ್ಬನ ಹೊರತು ಬೇರೆ ರಕ್ಷಣೆಯಿಲ್ಲ. ಈ ಎರಡು ಸಂಗತಿಗಳನ್ನು ಕಂಡಿದ್ದರೆ ಸಾಕಾಗಿತ್ತು. ಹೊರಗೆ ಬರದಿದ್ದ ಆ ಕುದುರೆಯ ಮುಂದಿನ ಕಾಲಾಳನ್ನು ಒಂದು ಮನೆ ಸರಿಸಿದ್ದರೆ ಮಂತ್ರಿಯ ದಾರಿ ಕಟ್ಟಿಹೋಗುತ್ತಿತ್ತು. ಮಂತ್ರಿಯೇ ಹಿಂದೆ ಸರಿಯಬೇಕಾಗುತ್ತಿತ್ತು. ಅದು ಅಲ್ಲಿಂದ ಇನ್ನೊಂದು ಕಡೆ ನಿಂತು ಅದೇ ಕಾಲಾಳಿನ ಮೇಲೆ ಮತ್ತೆ ಗುರಿಯಿಟ್ಟರೆ, ಆಗ ಕುದುರೆಯನ್ನು ಹಾರಿಸಿ ಅಡ್ಡ ನಿಲ್ಲಿಸಬಹುದು. ಕುದುರೆಯ ನಡೆ ಕೆಟ್ಟದ್ದೇನೂ ಅಲ್ಲ. ಅದು ಬಂದ ಹೊತ್ತು ಕೆಟ್ಟದ್ದು. ಈ ನಾಲ್ಕು ನಡೆಗಳ ಉಪಾಯವನ್ನು ಕಲಿತು ಗೆಳೆಯರನ್ನೆಲ್ಲ ಸೋಲಿಸುತ್ತ ತಿರುಗುವವರನ್ನು ಕಂಡರೆ ನನಗೆ ಅಷ್ಟೇನೂ ಮೆಚ್ಚಿಕೆಯಿಲ್ಲ. ಎದುರಾಳಿ ಒಮ್ಮೆ ಎಚ್ಚೆತ್ತನೆಂದರೆ, ಬೇಗನೆ ಹೊರಬಂದ ಆ ಮಂತ್ರಿಯು ಅವನ ಸಣ್ಣ ಕಾಯಿಗಳ ಏಟಿಗೆ ಅಂಜಿ ಮನೆಯಿಂದ ಮನೆಗೆ ಅಲೆಯಬೇಕಾಗುತ್ತದೆ. ಅಷ್ಟರಲ್ಲಿ ಅವನ ಸೇನೆಯೆಲ್ಲ ಹೊರಗೆ ಬಂದಿರುತ್ತದೆ.

ಎದುರಾಳಿಯ ಉದ್ದೇಶವನ್ನು ಕಂಡುಕೊಂಡ ಮೇಲೆ ನಮ್ಮ ನಡೆಯನ್ನು ಆರಿಸಬೇಕು. ಆರಿಸಿದ ಮೇಲೂ ಕೈಯನ್ನು ಒಂದು ಕ್ಷಣ ತಡೆದು, ಕಾಯಿಯನ್ನು ಆ ಮನೆಯಲ್ಲಿ ಇಟ್ಟಂತೆ ಊಹಿಸಿಕೊಂಡು, ಅಲ್ಲಿ ಅದನ್ನು ಯಾರಾದರೂ ಹೊಡೆಯಬಲ್ಲರೇ, ಅದು ಬಿಟ್ಟುಬಂದ ಮನೆಯಲ್ಲಿ ಬೇರೆ ಯಾರಾದರೂ ಅನಾಥರಾದರೇ ಎಂದು ನೋಡಬೇಕು. ಪಂದ್ಯಾವಳಿಗಳಲ್ಲಿ ಮುಟ್ಟಿದ ಕಾಯಿಯನ್ನೇ ನಡೆಸಬೇಕೆಂಬ ನಿಯಮವಿದೆ. ಮನೆಯಲ್ಲಿ ಆಡುವಾಗಲೂ ಇದನ್ನು ಕಟ್ಟುನಿಟ್ಟಾಗಿ ಪಾಲಿಸುವುದು ಒಳ್ಳೆಯದು. ನಡೆಯನ್ನು ಹಿಂದಕ್ಕೆ ತೆಗೆದುಕೊಳ್ಳುವ ಸಲಿಗೆ ಇದ್ದಲ್ಲಿ ಕಣ್ಣು ಎಂದಿಗೂ ಚುರುಕಾಗುವುದಿಲ್ಲ.

ಹೊಡೆತಕ್ಕೆ ಹೊಡೆತ ಕೊಡುವಾಗ ಲಾಭನಷ್ಟಗಳ ಅರಿವು ಬೇಕು. ಕಾಲಾಳಿನ ಬೆಲೆಯನ್ನು 1 ಎಂದಿಟ್ಟುಕೊಂಡರೆ ಕುದುರೆ, ಒಂಟೆಗಳಿಗೆ 3, ಆನೆಗೆ 5, ಮಂತ್ರಿಗೆ 9 ಎಂದು ಸಾಮಾನ್ಯವಾಗಿ ಗಣಿಸುತ್ತಾರೆ. ಆನೆಯನ್ನು ಕೊಟ್ಟು ಒಂಟೆಯನ್ನು ಪಡೆಯುವುದು ನಷ್ಟದ ವ್ಯಾಪಾರ. ಒಂದೇ ಮನೆಯ ಮೇಲೆ ಇಬ್ಬರ ಕಾಯಿಗಳೂ ಗುರಿಯಿಟ್ಟಿದ್ದಾಗ, ಹೊಡೆಯುವವರು ಎಷ್ಟು, ಕಾಯುವವರು ಎಷ್ಟು ಎಂದು ಬೆರಳು ಮಡಿಸಿ ಎಣಿಸಿದರೂ ಅವಮಾನವಿಲ್ಲ.

ಕುದುರೆಯ ವಿಷಯದಲ್ಲಿ ಎರಡು ಮಾತು ಹೆಚ್ಚಾಗಿಯೇ ಹೇಳಬೇಕು; ಹೊಸಬರು ಮೋಸಹೋಗುವುದು ಬಹುಮಟ್ಟಿಗೆ ಅದರಿಂದಲೇ. ಬೇರೆ ಕಾಯಿಗಳ ದಾರಿ ಕಣ್ಣಿಗೆ ಗೆರೆಯಂತೆ ಕಾಣುತ್ತದೆ, ಕುದುರೆಯದು ಕಾಣುವುದಿಲ್ಲ. ಅದು ರಾಜನಿಗೆ ಚೆಕ್ ಕೊಡುತ್ತಲೇ ಮಂತ್ರಿಗೂ ಗುರಿಯಿಟ್ಟು ನಿಂತರೆ, ರಾಜನನ್ನು ಉಳಿಸಿಕೊಂಡು ಮಂತ್ರಿಯನ್ನು ಬಿಟ್ಟುಕೊಡುವುದೇ ಗತಿ. ಇದಕ್ಕೊಂದು ಸುಲಭವಾದ ಎಚ್ಚರಿಕೆಯ ಗುರುತು ಉಂಟು. ಕುದುರೆಯು ಪ್ರತಿ ನಡೆಯಲ್ಲಿಯೂ ಬಿಳಿಮನೆಯಿಂದ ಕರಿಮನೆಗೆ, ಕರಿಮನೆಯಿಂದ ಬಿಳಿಮನೆಗೆ ಹಾರುತ್ತದೆ. ಆದುದರಿಂದ ನಮ್ಮ ರಾಜ, ನಮ್ಮ ಮಂತ್ರಿ, ಎದುರಾಳಿಯ ಕುದುರೆ ಈ ಮೂವರೂ ಒಂದೇ ಬಣ್ಣದ ಮನೆಗಳಲ್ಲಿ ಸಮೀಪವಾಗಿ ನಿಂತಿದ್ದರೆ ಮುಂದಿನ ನಡೆಗೇ ಇಂತಹ ಇಬ್ಬಗೆಯ ಏಟು ಬೀಳಬಹುದು.

ಕುದುರೆಯ ದಾರಿಯನ್ನು ಕಣ್ಣಿಗೆ ರೂಢಿಮಾಡಿಸಲು ನಮ್ಮ ನಾಡಿನಲ್ಲಿಯೇ ಬೆಳೆದ ಒಂದು ವಿನೋದವಿದೆ. ಬರಿಯ ಹಾಸಿನ ಮೇಲೆ ಒಂದು ಕುದುರೆಯನ್ನಿಟ್ಟು, ಯಾವ ಮನೆಯನ್ನೂ ಎರಡನೆಯ ಬಾರಿ ಮುಟ್ಟದಂತೆ 64 ಮನೆಗಳನ್ನೂ ಸುತ್ತಿಸುವುದು. ಒಂಬತ್ತನೆಯ ಶತಮಾನದ ಆಲಂಕಾರಿಕ ರುದ್ರಟನು ಈ ತುರಗಪದದ ಕ್ರಮದಲ್ಲಿ ಶ್ಲೋಕವನ್ನೇ ಹೆಣೆದನು. ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಇಂತಹ ಸುತ್ತುಗಳನ್ನು ರಚಿಸುವುದರಲ್ಲಿ ಬಹಳ ಆಸಕ್ತಿ ತಳೆದಿದ್ದರು. ನೀವು ಒಂದು ಚೌಕಳಿ ಕಾಗದದ ಮೇಲೆ ಅಂಕಿಗಳನ್ನು ಬರೆಯುತ್ತ ಪ್ರಯತ್ನಿಸಿರಿ. ಮೂಲೆಯ ಮನೆಗಳಿಂದ ಕುದುರೆಗೆ ಎರಡೇ ದಾರಿಗಳು, ನಡುವಿನ ಮನೆಗಳಿಂದ ಎಂಟು ಎಂಬುದು ಆಗ ತಾನಾಗಿ ತಿಳಿಯುತ್ತದೆ. ಕುದುರೆಯನ್ನು ಅಂಚಿನಲ್ಲಿ ನಿಲ್ಲಿಸಬಾರದೆಂದು ಬಲ್ಲವರು ಹೇಳುವುದು ಇದಕ್ಕಾಗಿಯೇ.

ಇನ್ನು ಆಟದ ಆರಂಭ. ಆರಂಭದ ನಡೆಗಳ ಮೇಲೆ ದಪ್ಪ ದಪ್ಪ ಪುಸ್ತಕಗಳಿವೆ. ಅವನ್ನು ಉರುಹೊಡೆಯದೆ ಗೆಲುವಿಲ್ಲವೆಂದು ಕೆಲವರು ಹೆದರಿಸುತ್ತಾರೆ. ಅಂತಹವರಿಗೆ ಮೀರ್ ಸುಲ್ತಾನ್ ಖಾನ್ ಅವರ ಹೆಸರನ್ನು ಹೇಳಿದರೆ ಸಾಕು. ಅವಿಭಜಿತ ಪಂಜಾಬಿನ ಈ ಆಟಗಾರರು ಕಲಿತದ್ದು ಭಾರತೀಯ ಪದ್ಧತಿಯ ಚದುರಂಗ. ಅದರಲ್ಲಿ ಕಾಲಾಳಿಗೆ ಮೊದಲ ನಡೆಯಲ್ಲಿಯೂ ಒಂದೇ ಹೆಜ್ಜೆ. ನಿಯಮಗಳಲ್ಲಿ ಬೇರೆ ವ್ಯತ್ಯಾಸಗಳೂ ಇದ್ದವು. ಅಂತರರಾಷ್ಟ್ರೀಯ ನಿಯಮಗಳನ್ನು ಅವರು ಕಲಿತದ್ದು ಬೆಳೆದು ದೊಡ್ಡವರಾದ ಮೇಲೆ. ಆರಂಭದ ನಡೆಗಳ ಪಾಂಡಿತ್ಯ ಅವರಿಗೆ ಇರಲಿಲ್ಲ. ಆದರೂ 1929, 1932, 1933 ಹೀಗೆ ಮೂರು ಬಾರಿ ಬ್ರಿಟಿಷ್ ಚಾಂಪಿಯನ್ ಪದವಿಯನ್ನು ಗೆದ್ದರು; ಮಾಜಿ ವಿಶ್ವ ಚಾಂಪಿಯನ್ ಕ್ಯಾಪಾಬ್ಲಾಂಕ ಅವರನ್ನೂ ಒಮ್ಮೆ ಸೋಲಿಸಿದರು. 1966ರಲ್ಲಿ ತೀರಿಕೊಂಡ ಅವರಿಗೆ ಅಂತರರಾಷ್ಟ್ರೀಯ ಚೆಸ್ ಸಂಸ್ಥೆಯು 2024ರಲ್ಲಿ ಗೌರವ ಗ್ರ್ಯಾಂಡ್‌ಮಾಸ್ಟರ್ ಬಿರುದನ್ನು ನೀಡಿತು. ಹೊಸಬರಿಗೆ ಬೇಕಾದದ್ದು ಇಷ್ಟೇ: ನಡುವಿನ ಮನೆಗಳಲ್ಲಿ ಒಂದೆರಡು ಕಾಲಾಳುಗಳನ್ನು ನಿಲ್ಲಿಸುವುದು, ಕುದುರೆ ಒಂಟೆಗಳನ್ನು ಬೇಗ ಹೊರತರುವುದು, ರಾಜನನ್ನೂ ಆನೆಯನ್ನೂ ಒಂದೇ ನಡೆಯಲ್ಲಿ ಸ್ಥಳಾಂತರಿಸುವ ಕ್ಯಾಸ್ಲಿಂಗ್ ಮಾಡಿ ರಾಜನನ್ನು ಮೂಲೆಯ ಕಡೆ ಭದ್ರಪಡಿಸುವುದು, ಒಂದೇ ಕಾಯಿಯನ್ನು ಕಾರಣವಿಲ್ಲದೆ ಮತ್ತೆ ಮತ್ತೆ ನಡೆಸದಿರುವುದು.

ನುರಿತವರ ಕಣ್ಣಿಗೆ ಅಪಾಯವು ಥಟ್ಟನೆ ಕಾಣುವುದಾದರೂ ಹೇಗೆ? 1973ರಲ್ಲಿ ಅಮೆರಿಕದ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಎಂಬ ವಿದ್ವಾಂಸರು ಒಂದು ಪ್ರಯೋಗವನ್ನು ಪ್ರಕಟಿಸಿದರು. ನಿಜವಾದ ಆಟವೊಂದರ ನಡುವಿನ ಸ್ಥಿತಿಯನ್ನು ಐದು ಸೆಕೆಂಡು ಮಾತ್ರ ತೋರಿಸಿ ಮರೆಮಾಡಿದರೆ, ನುರಿತ ಆಟಗಾರನು ಹೊಸಬನಿಗಿಂತ ಎಷ್ಟೋ ಹೆಚ್ಚು ಕಾಯಿಗಳನ್ನು ನೆನಪಿನಿಂದ ಸರಿಯಾಗಿ ಜೋಡಿಸಿದನು. ಅದೇ ಕಾಯಿಗಳನ್ನು ಅಡ್ಡಾದಿಡ್ಡಿಯಾಗಿ ಚೆಲ್ಲಿ ತೋರಿಸಿದಾಗ ಅವನ ಈ ಮೇಲುಗೈ ಮಾಯವಾಯಿತು! ಅಂದರೆ ಅವನ ನೆನಪಿನ ಶಕ್ತಿಯೇನೂ ಅಸಾಧಾರಣವಾದುದಲ್ಲ. ನಾವು ಅಕ್ಷರಗಳನ್ನು ಬಿಡಿಬಿಡಿಯಾಗಿ ನೋಡದೆ ಪದಗಳನ್ನು ಓದುವಂತೆ, ಅವನು ಕಾಯಿಗಳ ಗುಂಪುಗಳನ್ನು ಓದುತ್ತಾನೆ. ಓದು ಬರುವುದು ಓದಿ ಓದಿ. ಆದುದರಿಂದ ಒಂದು ಅಥವಾ ಎರಡು ನಡೆಗಳಲ್ಲಿ ಬಿಡಿಸಬಹುದಾದ ಸಣ್ಣ ಚದುರಂಗ ಸಮಸ್ಯೆಗಳನ್ನು ದಿನಕ್ಕೆ ಐದಾರರಂತೆ ಬಿಡಿಸುವುದು, ವಾರಕ್ಕೊಮ್ಮೆ ದಿನವಿಡೀ ಆಡುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ ಎಂಬುದು ನನ್ನ ಎಣಿಕೆ.

ಸೋತ ಆಟವನ್ನು ಬರೆದಿಡುವುದೂ ಅಷ್ಟೇ ಮುಖ್ಯ. ಪಂದ್ಯಾವಳಿಗಳಲ್ಲಿ ಆಟಗಾರರು ತಮ್ಮ ನಡೆಗಳನ್ನು ಆಡುತ್ತಾಡುತ್ತಲೇ ಬರೆದುಕೊಳ್ಳುತ್ತಾರೆ. ನೀವು ಒಂದು ಹಳೆಯ ನೋಟ್‌ಪುಸ್ತಕವನ್ನು ಇದಕ್ಕೆ ಮೀಸಲಿಡಿರಿ. ಮರುದಿನ ಶಾಂತವಾಗಿ ಕುಳಿತು ಆಟವನ್ನು ಮತ್ತೆ ನಡೆಸಿ, ಮೊದಲ ಕಾಯಿ ಕೈತಪ್ಪಿದ್ದು ಯಾವ ನಡೆಯಲ್ಲಿ ಎಂದು ಗುರುತಿಸಿರಿ. ಕಂಪ್ಯೂಟರಾಗಲಿ ಮೊಬೈಲಾಗಲಿ ಇದನ್ನು ಕ್ಷಣದಲ್ಲಿ ತೋರಿಸಿಕೊಡುತ್ತದೆ, ನಿಜ. ಆದರೆ ಅದನ್ನು ಕೇಳುವುದಕ್ಕೆ ಮುಂಚೆ ನೀವೇ ಹುಡುಕಬೇಕು. ಗಣಿತದ ಲೆಕ್ಕಕ್ಕೆ ಪುಸ್ತಕದ ಕೊನೆಯಲ್ಲಿರುವ ಉತ್ತರವನ್ನು ಮೊದಲೇ ನೋಡಿದವನಿಗೆ ಏನಾಗುತ್ತದೆಂಬುದು ನಿಮಗೆ ತಿಳಿದೇ ಇದೆ.

ಕೊನೆಯಾಟವನ್ನು ಹೊಸಬರು ಅಭ್ಯಾಸ ಮಾಡುವುದೇ ಅಪರೂಪ. ಅದರ ಬೆಲೆ ಎಷ್ಟೆಂಬುದನ್ನು 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಎಲ್ಲರೂ ಕಂಡರು. ವಿಶ್ವ ಚಾಂಪಿಯನ್ ಪದವಿಗಾಗಿ ಚೀನದ ಡಿಂಗ್ ಲಿರೆನ್ ಅವರೂ ಚೆನ್ನೈಯ 18 ವರ್ಷದ ಡಿ. ಗುಕೇಶ್ ಅವರೂ ಆಡುತ್ತಿದ್ದರು. ಹದಿಮೂರು ಆಟಗಳಾದಾಗ ಇಬ್ಬರೂ ಸಮ. ಹದಿನಾಲ್ಕನೆಯದೂ ಸಮನಾಗಿಯೇ ಮುಗಿಯುವಂತಿತ್ತು. ಗುಕೇಶ್ ಅವರಿಗೆ ಒಂದು ಕಾಲಾಳು ಹೆಚ್ಚಾಗಿತ್ತು, ಅಷ್ಟೆ. ತಮ್ಮ 55ನೆಯ ನಡೆಯಲ್ಲಿ ಡಿಂಗ್ ಅವರು ಆನೆಯನ್ನು ತಪ್ಪು ಮನೆಗೆ ಸರಿಸಿದರು. ಆನೆಗೆ ಆನೆ, ಒಂಟೆಗೆ ಒಂಟೆ ಬದಲಾದರೆ ಉಳಿಯುವುದು ರಾಜರು ಮತ್ತು ಕಾಲಾಳುಗಳು ಮಾತ್ರವೆಂಬುದನ್ನೂ, ಆ ಕೊನೆಯಾಟ ತನ್ನದೇ ಎಂಬುದನ್ನೂ ಗುಕೇಶ್ ಕೂಡಲೇ ಗುರುತಿಸಿದರು. ಸ್ವಲ್ಪ ಹೊತ್ತಿನಲ್ಲಿಯೇ ಡಿಂಗ್ ಸೋಲೊಪ್ಪಿದರು.

ರಾಜ ಮತ್ತು ಕಾಲಾಳಿನ ಕೊನೆಯಾಟದ ಮೊದಲ ಪಾಠವನ್ನು ನೀವು ಇಂದೇ ಮಾಡಿ ನೋಡಬಹುದು. ರಾಜರು ಆಟದ ಆರಂಭದಲ್ಲಿ ನಿಲ್ಲುವ ಸಾಲಿನಲ್ಲಿ, ಬಿಳಿಯವನ ಕಡೆಯಿಂದ ಮೂರನೆಯ ಮನೆಯಲ್ಲಿ ಬಿಳಿಯ ಕಾಲಾಳನ್ನೂ ಅದರ ಮುಂದಿನ ಮನೆಯಲ್ಲಿ ಬಿಳಿಯ ರಾಜನನ್ನೂ ಇಡಿರಿ. ಅವನೆದುರು ಒಂದೇ ಮನೆ ಬಿಟ್ಟು ಕರಿಯ ರಾಜನನ್ನು ನಿಲ್ಲಿಸಿರಿ. ಹಾಸಿನ ಮೇಲೆ ಬೇರೆ ಕಾಯಿಗಳಿಲ್ಲ. ನಡೆ ಕರಿಯವನದಾದರೆ ಅವನ ರಾಜ ಪಕ್ಕಕ್ಕೋ ಹಿಂದಕ್ಕೋ ಸರಿಯಲೇಬೇಕು. ಆಗ ಬಿಳಿಯ ರಾಜ ಮುಂದೆ ನುಗ್ಗಿ ದಾರಿ ಬಿಡಿಸುತ್ತಾನೆ, ಕಾಲಾಳು ಕೊನೆಯ ಸಾಲನ್ನು ಮುಟ್ಟಿ ಮಂತ್ರಿಯಾಗುತ್ತಾನೆ. ನಡೆ ಬಿಳಿಯವನದಾದರೆ, ಕರಿಯವನು ಸರಿಯಾಗಿ ಆಡಿದಲ್ಲಿ ಆಟ ಸಮ. ಕಾಯಿಗಳು ಅವೇ, ಮನೆಗಳೂ ಅವೇ. ಸರದಿ ಮಾತ್ರ ಬೇರೆ. ಎರಡೂ ಬಗೆಗಳನ್ನು ಗೆಳೆಯನೊಡನೆ ಬಣ್ಣ ಬದಲಿಸಿಕೊಂಡು ಆಡಿರಿ. ಬಳಿಕ ಅದೇ ಮೂರು ಕಾಯಿಗಳನ್ನು ಹಾಸಿನ ಅಂಚಿನ ಸಾಲಿಗೆ ಸರಿಸಿ ಮತ್ತೆ ಪ್ರಯತ್ನಿಸಿರಿ. ಅಲ್ಲಿ ನಡೆ ಯಾರದೇ ಆದರೂ ಬಿಳಿಯವನಿಗೆ ಗೆಲುವಿಲ್ಲ. ಏಕೆ ಎಂಬುದನ್ನು ಕರಿಯ ರಾಜನನ್ನು ಮೂಲೆಯಲ್ಲಿ ನಿಲ್ಲಿಸಿಕೊಂಡು ಕಂಡುಹಿಡಿಯಿರಿ.