ಒಂದೇ ಗೋದಾವರಿ, ಎರಡು ಗಂಗಾಪುರ

ಮಹಾರಾಷ್ಟ್ರದ ನಾಸಿಕದ ಪಕ್ಕದಲ್ಲಿ ಗೋದಾವರಿಗೆ ಕಟ್ಟಿದ ಗಂಗಾಪುರ ಅಣೆಕಟ್ಟು ಒಂದು. ಅದೇ ನದಿಯ ಕೆಳದಂಡೆಯಲ್ಲಿ, ಛತ್ರಪತಿ ಸಂಭಾಜಿನಗರ ಜಿಲ್ಲೆಯ ಗಂಗಾಪುರ ತಾಲ್ಲೂಕು ಇನ್ನೊಂದು. ಮೇಲಿನದು ನೀರಿಗೆ ಹೆಸರಾದರೆ ಕೆಳಗಿನದು ಬರಕ್ಕೆ. ಕಾರಣ ಸಹ್ಯಾದ್ರಿ. ಅರಬ್ಬಿ ಸಮುದ್ರದ ಮೋಡ ಘಟ್ಟ ಹತ್ತುವಾಗಲೇ ಬಹುಪಾಲು ಬರಿದಾಗುತ್ತದೆ: ಘಟ್ಟದ ಮೇಲಿನ ಇಗತ್‌ಪುರಿಯಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಸಂಭಾಜಿನಗರದಲ್ಲಿ 700ರ ಆಸುಪಾಸು. ಅಮೆರಿಕದ ನೆವಾಡಾ ರಾಜ್ಯವನ್ನು ಒಣಗಿಸಿದ್ದೂ ಇಂಥದೇ ಪರ್ವತದ ಮಳೆನೆರಳು.

ಹಾಗಂತ ಸಂಭಾಜಿನಗರವೇನು ಮರುಭೂಮಿಯೇ ಎಂದು ಕೇಳಬಹುದು. ಅಲ್ಲ. ನೆವಾಡಾದ ಸರಾಸರಿ ಮಳೆ 250 ಮಿಲಿಮೀಟರ್ ಆಸುಪಾಸು. ಇಲ್ಲಿ ಅದರ ಎರಡೂವರೆ ಪಟ್ಟಿಗೂ ಹೆಚ್ಚು. ಇಲ್ಲಿನ ತೊಡಕು ಬಿದ್ದ ನೀರು ನಿಲ್ಲದಿರುವುದು. ನೆಲದಡಿ ಇರುವುದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಪದರಪದರವಾಗಿ ಹೆಪ್ಪುಗಟ್ಟಿದ ಕಪ್ಪುಕಲ್ಲು. ಬಿರುಕು ಇದ್ದಲ್ಲಿ, ಕಲ್ಲು ಸವೆದು ಸಡಿಲವಾದಲ್ಲಿ ಮಾತ್ರ ನೀರು ಇಂಗುತ್ತದೆ.

ಇದೇ ಜಿಲ್ಲೆಯ ಪೈಠಣದಲ್ಲಿ ಗೋದಾವರಿಯ ಜಾಯಕವಾಡಿ ಜಲಾಶಯ ಇದೆಯಲ್ಲ ಎನ್ನುವವರಿದ್ದಾರೆ. ಇದೆ. ಆದರೆ ಮಳೆ ಕೈಕೊಟ್ಟ ವರ್ಷ ಮೇಲ್ಭಾಗದ ನಾಸಿಕ, ಅಹಿಲ್ಯಾನಗರ ಜಿಲ್ಲೆಗಳ ಅಣೆಕಟ್ಟುಗಳಿಂದ ನೀರು ಬಿಡಬೇಕಾಗುತ್ತದೆ. ಕೊರತೆಯನ್ನು ಮೇಲಿನವರೂ ಕೆಳಗಿನವರೂ ಹಂಚಿಕೊಳ್ಳಬೇಕು ಎನ್ನುವ 2005ರ ಕಾನೂನಿದ್ದರೂ ಜಗಳ ನಿಂತಿಲ್ಲ. ಇಷ್ಟರ ನಡುವೆ ಸಂಭಾಜಿನಗರ ಸೇರಿದ ಮರಾಠವಾಡ ಪ್ರದೇಶದಲ್ಲಿ ನೀರು ಕುಡಿಯುವ ಕಬ್ಬು ಬೇರೆ. ಹಾಗಾಗಿ ಬರದ ಹೊಣೆಯನ್ನೆಲ್ಲ ಬೆಟ್ಟದ ಮೇಲೆ ಹಾಕುವಂತಿಲ್ಲ: ಮಳೆನೆರಳು ಸಹ್ಯಾದ್ರಿಯದು, ಆ ನೆರಳಿನಲ್ಲಿ ಏನು ಬೆಳೆಯಬೇಕೆಂಬ ತೀರ್ಮಾನ ಮನುಷ್ಯರದು.