ಆಗಸ್ಟ್‌ನ ಊರು, ಜನವರಿಯ ಮನೆ

"ಸ್ಪೇನ್‌ನಲ್ಲಿ ಸಮುದ್ರದ ದಡದಲ್ಲೊಂದು ಮನೆ ತಗೊಂಡ್ರೆ ಸಾಕು, ಅಲ್ಲೇ ಇರೋಕೆ ವೀಸಾ ಕೊಟ್ಬಿಡ್ತಾರೆ." ಹಣ ಕೂಡಿಟ್ಟವರ ಮಾತಿನಲ್ಲಿ ಇದು ಇನ್ನೂ ಓಡಾಡುತ್ತಿದೆ. ಒಂದು ಕಾಲಕ್ಕೆ ನಿಜವೂ ಆಗಿತ್ತು. 2013ರಲ್ಲಿ ಶುರುವಾದ ಗೋಲ್ಡನ್ ವೀಸಾ ಯೋಜನೆಯಲ್ಲಿ, ಮನೆಗೆ ಐದು ಲಕ್ಷ ಯೂರೋ ಹಾಕಿದವರಿಗೆ ವಾಸದ ಪರವಾನಗಿ ಸಿಗುತ್ತಿತ್ತು. ಊರಿನವರಿಗೇ ಮನೆ ಕೈಗೆಟುಕುತ್ತಿಲ್ಲ ಎಂಬ ಕೂಗು ಎದ್ದ ಮೇಲೆ ಸರ್ಕಾರ 2025ರ ಏಪ್ರಿಲ್ 3ಕ್ಕೆ ಆ ಬಾಗಿಲು ಮುಚ್ಚಿತು. ಮನೆಯನ್ನು ಈಗಲೂ ಯಾರು ಬೇಕಾದರೂ ಕೊಳ್ಳಬಹುದು. ಆದರೆ ಪ್ರವಾಸಿ ವೀಸಾದಲ್ಲಿ ಹೋದವರು ತಮ್ಮದೇ ಮನೆಯಲ್ಲಿ 180 ದಿನಕ್ಕೆ 90 ದಿನ ಮಾತ್ರ ಇರಬಹುದು.

ಉಳಿದ ದಾರಿಗಳಲ್ಲಿ ಎರಡನ್ನು ಜನ ಕಲಸಿಬಿಡುತ್ತಾರೆ. ಒಂದು, ದುಡಿಯದೆ ಬದುಕಬಲ್ಲವರ ವೀಸಾ. ಪಿಂಚಣಿ, ಬಾಡಿಗೆ, ಬಡ್ಡಿಯಂಥ ಮೂಲಗಳಿಂದ ವರ್ಷಕ್ಕೆ 28,800 ಯೂರೋ ತೋರಿಸಬೇಕು, ಜೊತೆಗೆ ಬರುವ ಪ್ರತಿಯೊಬ್ಬರಿಗೂ ಇನ್ನೊಂದು 7,200. ಇದನ್ನು ಹಿಡಿದುಕೊಂಡು ಹೋಗಿ ಬಾಲ್ಕನಿಯಲ್ಲಿ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುತ್ತೇನೆ ಅನ್ನುವವರಿದ್ದಾರೆ. ಅದಕ್ಕೆ ಅವಕಾಶವಿಲ್ಲ. ದೂರದಿಂದ ಕೆಲಸ ಮಾಡುವವರಿಗೆ 2023ರಿಂದ ಡಿಜಿಟಲ್ ನೊಮಾಡ್ ವೀಸಾ ಎಂಬ ಬೇರೆಯೇ ಏರ್ಪಾಡಿದೆ. ಅದಕ್ಕೆ ಅಲ್ಲಿನ ಕನಿಷ್ಠ ವೇತನದ ಎರಡು ಪಟ್ಟು ಆದಾಯ ಬೇಕು.

"ನನ್ನ ಆದಾಯ ಇಂಡಿಯಾದ್ದು, ಸ್ಪೇನ್‌ಗೇನು?" ವರ್ಷದಲ್ಲಿ 183 ದಿನಕ್ಕಿಂತ ಹೆಚ್ಚು ಅಲ್ಲಿದ್ದರೆ ನೀವು ಆ ದೇಶದ ತೆರಿಗೆದಾರರು. ಜಯನಗರದ ಮನೆಯ ಬಾಡಿಗೆಯನ್ನೂ ಅಲ್ಲಿ ತೋರಿಸಬೇಕು. ಎರಡು ದೇಶಗಳ ನಡುವೆ ಒಪ್ಪಂದವಿರುವುದರಿಂದ ಒಂದೇ ಹಣಕ್ಕೆ ಎರಡು ಸಲ ಪೂರ್ತಿ ತೆರಿಗೆ ಬೀಳುವುದಿಲ್ಲ, ನಿಜ. ಆದರೆ 50,000 ಯೂರೋ ಮೀರಿದ ವಿದೇಶಿ ಆಸ್ತಿಯ ವಿವರವನ್ನು 720ನೇ ನಮೂನೆಯಲ್ಲಿ ಬೇರೆ ಕೊಡಬೇಕು. ಬೆಂಗಳೂರಿನಲ್ಲಿ ಒಂದು ಸೈಟು ಇದ್ದವರು ಆ ಗೆರೆ ದಾಟಿರಲೂಬಹುದು. ಕೆಲಸಕ್ಕೆಂದು ಬಂದವರಿಗೆ ಕೆಲವು ವರ್ಷ ರಿಯಾಯಿತಿ ಉಂಟು. ಫುಟ್‌ಬಾಲ್ ಆಟಗಾರ ಬೆಕ್‌ಹ್ಯಾಮ್ ಅದರ ಲಾಭ ಪಡೆದದ್ದರಿಂದ ಜನರ ಬಾಯಲ್ಲಿ ಅದು ಬೆಕ್‌ಹ್ಯಾಮ್ ಕಾಯ್ದೆ. ಪಿಂಚಣಿಯ ಮೇಲೆ ಬದುಕಲು ಹೋದವರಿಗೆ ಅದು ಸಿಗುವುದಿಲ್ಲ.

ಕಾಗದಪತ್ರದ ವಿಷಯ ಹೇಗೋ ವಕೀಲರು ಹೇಳಿಕೊಡುತ್ತಾರೆ. ಯಾರೂ ಹೇಳದೆ ಇರುವುದು ಚಳಿಯ ವಿಷಯ.

ನಮ್ಮ ಕರಾವಳಿಯವರಿಗೆ ಕಡಲು ಅಂದರೆ ಸೆಕೆ, ಬೆವರು. ಸಮುದ್ರದ ಪಕ್ಕ ಸ್ವೆಟರ್ ಹಾಕಿಕೊಳ್ಳುವುದು ಕಲ್ಪನೆಗೇ ಬರುವುದಿಲ್ಲ. ಸ್ಪೇನ್‌ನ ಪೂರ್ವ ಕರಾವಳಿಯ ಅಲಿಕಾಂತೆಯ ಸುತ್ತಮುತ್ತ ಜನವರಿಯ ಮಧ್ಯಾಹ್ನ 17 ಡಿಗ್ರಿಯ ಎಳೆಬಿಸಿಲು, ರಾತ್ರಿ ಆರೇಳು ಡಿಗ್ರಿ. ಅಂಕಿಯಲ್ಲಿ ಇದು ಭಯಂಕರವೇನಲ್ಲ. ತೊಂದರೆ ಇರುವುದು ಮನೆಯಲ್ಲಿ. ಹಳೆಯ ಮನೆಗಳನ್ನು ಕಟ್ಟಿದ್ದೇ ಬೇಸಿಗೆಯನ್ನು ಹೊರಗಿಡಲು: ಅಮೃತಶಿಲೆ ಅಥವಾ ಟೈಲ್ಸ್ ನೆಲ, ತೆಳು ಗಾಜು, ಬಿಸಿಲು ಒಳಗೆ ಬಾರದಂತೆ ಕಿಟಕಿಗೆ ಉರುಳು ಬಾಗಿಲು. ಮನೆ ಬಿಸಿಮಾಡುವ ವ್ಯವಸ್ಥೆ ಬಹಳ ಕಡೆ ಇರುವುದೇ ಇಲ್ಲ. ಕಡಲ ತೇವ ಗೋಡೆಗೆ ಇಳಿಯುತ್ತದೆ, ಬೀರುವಿನ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ಬೀದಿಯಲ್ಲಿ ಬಿಸಿಲಿಗೆ ಜಾಕೆಟ್ ಬಿಚ್ಚಿದವರು ಮನೆಯೊಳಗೆ ಬಂದು ಹಾಕಿಕೊಳ್ಳುತ್ತಾರೆ. ಕಿತ್ತಳೆ ಬಣ್ಣದ ಗ್ಯಾಸ್ ಸಿಲಿಂಡರ್ ಇಟ್ಟ ಹೀಟರನ್ನು ಕೋಣೆಯಿಂದ ಕೋಣೆಗೆ ಉರುಳಿಸಿಕೊಂಡು ಹೋಗುವವರಿದ್ದಾರೆ. ಅಲ್ಲಿನ ಅಜ್ಜಿಯರದು ಇನ್ನೂ ಜಾಣತನ: ದುಂಡು ಮೇಜಿಗೆ ನೆಲ ಮುಟ್ಟುವ ದಪ್ಪ ಬಟ್ಟೆ ಹೊದಿಸಿ, ಕೆಳಗೆ ಅಗ್ಗಿಷ್ಟಿಕೆ ಇಟ್ಟು, ಮನೆಮಂದಿಯೆಲ್ಲ ಅದರೊಳಗೆ ಕಾಲು ಚಾಚಿ ಕೂರುವುದು. ಫೆಬ್ರವರಿಯ ಕಡಲ ನೀರು ಸುಮಾರು 14 ಡಿಗ್ರಿ. ಮನೆ ನೋಡಲು ಆಗಸ್ಟ್‌ನಲ್ಲಿ ಹೋಗುವವರಿಗೆ ಇದರ ಸುಳಿವೇ ಸಿಗುವುದಿಲ್ಲ. ಜನವರಿಯಲ್ಲಿ, ಅದೂ ರಾತ್ರಿ, ಹೋಗಿ ನೋಡಬೇಕು.

ಮಳೆಯ ಲೆಕ್ಕವೂ ನಮ್ಮದಕ್ಕೆ ತಿರುಗುಮುರುಗು. ಜೂನ್, ಜುಲೈ ಒಣ. ಬೇಸಿಗೆಯಿಡೀ ಕಾದ ಕಡಲಿನ ಮೇಲೆ ಶರತ್ಕಾಲದಲ್ಲಿ ಮೇಲ್ಪದರದ ತಣ್ಣನೆಯ ಗಾಳಿ ಬಂದು ನಿಂತಾಗ ಒಂದೇ ದಿನದಲ್ಲಿ ತಿಂಗಳುಗಳ ಮಳೆ ಸುರಿಯುತ್ತದೆ. 2024ರ ಅಕ್ಟೋಬರ್ 29ರಂದು ವಲೆನ್ಸಿಯಾ ಭಾಗದಲ್ಲಿ ಹೀಗೇ ಆಗಿ 220ಕ್ಕೂ ಹೆಚ್ಚು ಮಂದಿ ಸತ್ತರು. ಹೆಚ್ಚು ಮಳೆಯೇ ಬೀಳದ ಊರುಗಳಿಗೂ ಮೇಲಿನಿಂದ ಪ್ರವಾಹ ಬಂತು. ಹತ್ತು ತಿಂಗಳು ಒಣಗಿದ್ದು ಕಾಲುದಾರಿಯಂತೆ ಕಾಣುವ ಹಳ್ಳದ ಪಕ್ಕ ಮನೆ ಅಗ್ಗಕ್ಕೆ ಸಿಕ್ಕರೆ, ಅಗ್ಗವೇಕೆಂದು ಕೇಳಿಕೊಳ್ಳುವುದು ಒಳ್ಳೆಯದು.

"ಬಾಡಿಗೆಗೆ ಬೇಕಾದಷ್ಟು ಮನೆ ಖಾಲಿ ಇವೆ." ಚಳಿಗಾಲದಲ್ಲಿ ನೋಡಿದರೆ ಹಾಗೇ ಅನ್ನಿಸುತ್ತದೆ, ಬೀದಿ ತುಂಬ ಮುಚ್ಚಿದ ಕಿಟಕಿಗಳು. ಆದರೆ ಅವುಗಳಲ್ಲಿ ಎಷ್ಟೋ ಮನೆಗಳ ಕರಾರು ಸೆಪ್ಟೆಂಬರ್‌ನಿಂದ ಜೂನ್‌ವರೆಗೆ ಮಾತ್ರ. ಜುಲೈ ಬಂತೆಂದರೆ ವಾರದ ಲೆಕ್ಕದಲ್ಲಿ ಪ್ರವಾಸಿಗರಿಗೆ ಕೊಡುತ್ತಾರೆ, ನೀವು ಗಂಟುಮೂಟೆ ಕಟ್ಟಬೇಕು. ಊರಿನ ಶಾಲೆಯ ಮೇಷ್ಟರು, ಆಸ್ಪತ್ರೆಯ ನರ್ಸುಗಳ ಪಾಡೂ ಇದೇ.

ಇನ್ನು ಎಲ್ಲರೂ ಮಧ್ಯಾಹ್ನ ಮಲಗುತ್ತಾರೆ ಎಂಬ ಮಾತು. ಎರಡರಿಂದ ಐದರವರೆಗೆ ಅನೇಕ ಸಣ್ಣ ಅಂಗಡಿಗಳು ಮುಚ್ಚಿರುತ್ತವೆ, ಅಷ್ಟೇ. ಆ ಹೊತ್ತಿನಲ್ಲಿ ಹೆಚ್ಚಿನವರು ಊಟ ಮಾಡುತ್ತಾರೆ.

ಭಾಷೆಯ ವಿಷಯ ಕನ್ನಡಿಗರಿಗೆ ಬೇಗ ಅರ್ಥವಾದೀತು. ಸ್ಪ್ಯಾನಿಷ್ ಕಲಿತು ಇದೇ ಕರಾವಳಿಯ ದೇನಿಯಾ, ಶಾಬಿಯಾದಂಥ ಊರಿಗೆ ಹೋದರೆ ಮೀನು ಮಾರುಕಟ್ಟೆಯಲ್ಲಿ ಕಿವಿಗೆ ಬೀಳುವುದು ಆ ಭಾಗದ ನುಡಿ ವಲೆನ್ಸಿಯನ್. ಮಕ್ಕಳ ಶಾಲೆಯಲ್ಲೂ ಅದಿದೆ, ಪುರಸಭೆಯ ಫಲಕಗಳಲ್ಲೂ ಇದೆ. ಬೆಂಗಳೂರಿನಲ್ಲಿ ಹತ್ತು ವರ್ಷ ಇದ್ದೂ ಕನ್ನಡ ಬಾರದವರನ್ನು ಕಂಡು ಗೊಣಗುವ ನಾವು, ಅಲ್ಲಿ "ಇಂಗ್ಲಿಷ್ ಸಾಕಂತೆ" ಎಂದು ಹೊರಡುವುದು ತಮಾಷೆಯೇ ಸರಿ. ಇಂಗ್ಲಿಷ್ ಸಾಕಾಗುವುದು ಬೆನಿದೋರ್ಮ್‌ನಂಥ ಪ್ರವಾಸಿಗರ ಊರುಗಳಲ್ಲಿ, ಅದೂ ಹೋಟೆಲು, ಬಾರುಗಳಲ್ಲಿ. ಪುರಸಭೆಯ ಕೌಂಟರಿನಲ್ಲಿ ಅಲ್ಲ.

"ದುಡ್ಡಿದ್ದರೆ ಸ್ವಂತ ಬೀಚ್ ಇರುವ ಮನೆಯನ್ನೇ ಕೊಳ್ಳಬಹುದು" ಎಂಬುದೂ ಸುಳ್ಳು. 1988ರ ಕರಾವಳಿ ಕಾಯ್ದೆಯ ಪ್ರಕಾರ ಸ್ಪೇನ್‌ನ ಮರಳದಂಡೆಯೆಲ್ಲ ಸಾರ್ವಜನಿಕ ಸ್ವತ್ತು. ಕೋಟ್ಯಧಿಪತಿಯ ಬಂಗಲೆಯ ಮುಂದೆಯೂ ಯಾರು ಬೇಕಾದರೂ ಟವೆಲ್ ಹಾಸಿ ಮಲಗಬಹುದು. ಹಾಗೆಂದು ಬೆಳಗಿನ ಜಾವವೇ ಹೋಗಿ, ಬಸ್ಸಿನ ಸೀಟಿಗೆ ಕರ್ಚೀಫು ಹಾಕುವ ಹಾಗೆ, ನೀರಿನಂಚಿನಲ್ಲಿ ಕೊಡೆ ಊರಿ ಜಾಗ ಹಿಡಿದು ಮನೆಗೆ ಮರಳಿದರೆ, ಬೇಸಿಗೆಯಲ್ಲಿ ಹಲವು ಊರುಗಳಲ್ಲಿ ಪೊಲೀಸರು ಬಂದು ಕೊಡೆ ಕಿತ್ತುಕೊಂಡು ಹೋಗುತ್ತಾರೆ. ಬಿಡಿಸಿಕೊಳ್ಳಲು ದಂಡ ಕಟ್ಟಬೇಕು.